ಪೌಡರ್ ಬೋರ್ಡಿನ ಚೆಲುವೆ

ಮಣಿಪಾಲದ ಒಂದು ಪ್ರದರ್ಶನಕ್ಕಾಗಿ ಹಳೆಯ ಜಾಹೀರಾತು ಹುಡುಕುತ್ತಾ ಹೋದವನಿಗೆ ಕಾರ್ಕಳದ ಅಂಗಡಿಯೊಂದರಲ್ಲಿ ಪೌಡರಿನ ತಗಡು ಬೋರ್ಡು ಸಿಕ್ಕಿತು. ಕೆನ್ನೆಗೆ ಬೆರಳಿಟ್ಟ ಬಿಳಿ ಬಿಳಿ ಚೆಲುವೆ. ಕೆಳಗೆ, ‘ಹೆಂಡತಿ ಕಪ್ಪಾದರೆ ಗಂಡ ಮನೆಗೆ ಬರುವುದು ತಡ.’

“ಈಗ ಹೀಗೆ ಬರೆದರೆ ಹೆಂಗಸರು ಸುಮ್ಮನೆ ಬಿಡುತ್ತಾರಾ?” ಎಂದೆ.

ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ, ದಪ್ಪ ಬಿಳಿ ಮೀಸೆಯ ಅಜ್ಜ ತಲೆಯೆತ್ತಿದರು. “ಅದು ಹೆಂಗಸಲ್ಲ, ನಾನು.”

ನಾನು ಬೋರ್ಡನ್ನೂ ಮೀಸೆಯನ್ನೂ ನೋಡಿದೆ.

“ಆಗ ಫೋಟೋಕ್ಕೆ ನಿಲ್ಲುವ ಹೆಂಗಸರು ಎಲ್ಲಿದ್ದರು? ನಾನು ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ಆಟ ಮುಗಿದ ಮೇಲೆ, ಬಣ್ಣ ತೆಗೆಯುವ ಮೊದಲೇ ಪೌಡರ್ ಕಂಪನಿಯವರು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು.”

“ಹಾಗಾದರೆ ಈ ಪೌಡರ್ ಹಚ್ಚಿರಲೇ ಇಲ್ವಾ?”

“ಇಲ್ಲ ಮಾರಾಯರೆ. ಅದು ಪೂರಾ ವೇಷದ ಬಣ್ಣ.”

“ಮನೆಯಲ್ಲಿ ಗೊತ್ತುಂಟಾ?”

ಅವರು ಲೋಟ ಕೆಳಗಿಟ್ಟರು. “ಎಂತ ಹೇಳುವುದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಈ ಬೋರ್ಡು ನೋಡಿ ಅದೇ ಪೌಡರ್ ತರಿಸಿದಳು. ಅವಳಿಗೆ ಇವಳ ಹಾಗೆ ಕಾಣಬೇಕಂತೆ. ಎರಡು ವರ್ಷ ತಂದುಕೊಟ್ಟೆ, ಅದು ನಾನೇ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.”

ಪ್ರದರ್ಶನಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಬೋರ್ಡಿನ ಕೆಳಗಿನ ಚೀಟಿಯಲ್ಲಿ ನಾನು, ‘ಚಿತ್ರದಲ್ಲಿರುವ ಮಹಿಳೆ ಯಾರೆಂದು ತಿಳಿದಿಲ್ಲ’ ಎಂದು ಬರೆದೆ.