ಮೊದಲ ಸಾಲಿನಲ್ಲಿದ್ದ ನನ್ನ ಕಂಪ್ಯೂಟರ್

ಆ ಸ್ಕ್ಯಾನ್ ನಡೆಸಲು ಮಾಯವ್ವನಿಗೆ ಹೇಳಿದವಳು ನಾನೇ. ಎಲ್ಲರೆದುರು ‘ನಾ ಹೇಳಿಲ್ರಿ’ ಎಂದು ಸುಳ್ಳಾಡಿ ಆಕೆಯ ನೌಕರಿ ಕಳೆದವಳೂ ನಾನೇ. ಆರು ವರ್ಷ ಈ ಮಾತನ್ನು ಗಂಡನಿಗೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ — ಬರೆದರೆ ಮನಸ್ಸು ಹಗುರಾಗುತ್ತದೆ ಎಂದಲ್ಲ. ಹಗುರಾಗಬೇಕೆಂಬ ನನ್ನ ಆಸೆಯ ಮೇಲೂ ನನಗೀಗ ಸಂಶಯವಿದೆ.

ನನ್ನ ಮನೆ ನಿಲಂಗಾದಲ್ಲಿ. ಕೆಲಸ ಉದಗೀರದ ಒಂದು ದಾಲ್ ಮಿಲ್ಲಿನಲ್ಲಿ, ಕಂಪ್ಯೂಟರುಗಳ ಉಸ್ತುವಾರಿ. ಮಾಲೀಕರು ಶಿವಲಿಂಗಪ್ಪ ಸಾಹುಕಾರರು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಗದ್ದಿಗೆ ಬಂದು ಕೂಡುವವರು. ಯಾರನ್ನೂ ಬೇಗ ನಂಬುವವರಲ್ಲ. ನನ್ನನ್ನು ನಂಬಿದ್ದರು.

ಆ ವರ್ಷ ನಮ್ಮ ಬೇಳೆ ಕೊಳ್ಳುವ ದೊಡ್ಡ ಕಂಪನಿಯೊಂದು ಷರತ್ತು ಹಾಕಿತು. ಎರಡೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸುವ ಮೊದಲು ನಿಮ್ಮ ನೆಟ್‌ವರ್ಕಿನಲ್ಲಿ ಎಲ್ಲೆಲ್ಲಿ ದೋಷವಿದೆ ನೋಡಿ, ಹೊರಗಿನವರು ಒಳನುಗ್ಗಬಹುದೇ ಎಂದು ಪರೀಕ್ಷಿಸಿ, ವರದಿ ಕೊಡಿ ಎಂದಿತು. ಸಾಹುಕಾರರು ನನ್ನನ್ನು ಕರೆದರು. “ಶೈಲಾ, ಯಾವ ಸಾಫ್ಟ್‌ವೇರ್ ತಗೋಬೇಕು ನೀನೇ ನೋಡವ್ವ. ನಂಗ ಅದರಾಗಿಂದು ಏನೂ ತಿಳ್ಯಂಗಿಲ್ಲ.”

ನನಗೂ ಅಷ್ಟೇನೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಮಾಯವ್ವನಿಗೆ. ಗುಂಜೋಟಿಯವಳು, ಬೀರಪ್ಪ ದೇವರ ಒಕ್ಕಲಿನ ಮನೆ, ಅಪ್ಪ ಮಾಳಪ್ಪನದು ಕುರಿಹಿಂಡು. ಉಮರ್ಗಾದಲ್ಲಿದ್ದ ನಮ್ಮ ತೊಗರಿ ಖರೀದಿ ಕೇಂದ್ರದಲ್ಲಿ ಗಾಡಿಗಳನ್ನು ತೂಗುವ ವಜನಕಾಟಾದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಡಿಪ್ಲೊಮಾ ಮಾಡಿದ್ದಳು, ಉಳಿದದ್ದನ್ನು ತಾನೇ ಓದಿ ಕಲಿತಿದ್ದಳು. ನಾಲ್ಕು ಸಾಫ್ಟ್‌ವೇರುಗಳನ್ನು ತೂಗಿ ನೋಡಿ — ಯಾವುದು ದೋಷ ಹುಡುಕುತ್ತದೆ, ಯಾವುದು ಆ ದೋಷದ ಮೂಲಕ ನಿಜಕ್ಕೂ ಒಳಗೆ ಹೋಗಿ ತೋರಿಸುತ್ತದೆ, ಯಾವುದರ ವರದಿ ನಮ್ಮಂಥವರಿಗೆ ಅರ್ಥವಾಗುತ್ತದೆ — ಎಲ್ಲ ಕೈಯಲ್ಲೇ ಬರೆದು ನನಗೆ ಫೋಟೊ ಕಳಿಸಿದಳು. ಅದರ ಮೇಲೆ ಫೋನನ್ನೂ ಮಾಡಿದಳು.

“ಅಕ್ಕಾ, ಹೊರಗಿಂದ ನೋಡೋ ಸ್ಕ್ಯಾನರ್ ಮುಂದಿನ ಬಾಗಿಲಷ್ಟೇ ಬಡದು ಹೋಗ್ತದ್ರಿ. ಒಂದೊಂದು ಮಶೀನಿನಾಗ ಲಾಗಿನ್ ಆಗಿ ನೋಡೋದು ಬೇಕ್ರಿ ನಮಗ.”

“ಟ್ರಯಲ್ ಸಿಗ್ತದಲ್ಲ, ಒಮ್ಮಿ ಹಚ್ಚಿ ನೋಡು,” ಎಂದೆ. ಪಾಸ್‌ವರ್ಡನ್ನೂ ಕೊಟ್ಟೆ.

“ಬರದು ಕೊಡ್ರಿ ಅಕ್ಕಾ. ಇಂಥಾದು ಪರವಾನಗಿ ಇಲ್ದ ಹಚ್ಚಬಾರ್ದಂತ.”

“ನಾ ಹೇಳ್ಲಾಕತ್ತೀನಲ್ಲ, ಸಾಲದೇನು?”

ಆಕೆ ನಕ್ಕಳು. ಸಾಕು ಎಂದುಕೊಂಡಳೇನೋ.

ಎರಡು ದಿನಗಳ ನಂತರ ಬಸ್ಸು ಹಿಡಿದು ಉದಗೀರಕ್ಕೇ ಬಂದಳು, ವರದಿಯ ಪ್ರಿಂಟ್ ಹಿಡಿದು. ಮೊದಲ ಸಾಲು ಕೆಂಪು, ಎಲ್ಲಕ್ಕಿಂತ ದೊಡ್ಡ ದೋಷ. ಆ ಸಾಲಿನಲ್ಲಿದ್ದದ್ದು ನನ್ನ ಕಂಪ್ಯೂಟರ್. ಅತ್ತೆ ಹಾಸಿಗೆ ಹಿಡಿದ ಮೇಲೆ ನಾನು ಯಾರಿಗೂ ತಿಳಿಸದೆ ಅದರಲ್ಲಿ ಒಂದು ಪ್ರೋಗ್ರಾಂ ಹಾಕಿಕೊಂಡಿದ್ದೆ — ನಿಲಂಗಾದ ಮನೆಯಲ್ಲೇ ಕುಳಿತು ಮಿಲ್ಲಿನ ಕಂಪ್ಯೂಟರ್ ತೆರೆಯುವುದಕ್ಕೆ. ಪಾಸ್‌ವರ್ಡ್ ನನ್ನ ಮಗಳ ಹೆಸರು. ಇದನ್ನು ಸಬೂಬೆಂದು ಹೇಳುತ್ತಿಲ್ಲ. ನಡೆದದ್ದು ಹೀಗೆ, ಅಷ್ಟೆ.

ಆಕೆ ದನಿ ತಗ್ಗಿಸಿ ಹೇಳಿದಳು: “ಇದು ನಿಮ್ಮ ಮಶೀನ ಅದ ನೋಡ್ರಿ ಅಕ್ಕಾ. ಇವತ್ತೇ ತಗದು ಬಿಡ್ರಿ.”

ಆ ತಗ್ಗಿದ ದನಿಯೇ ನನ್ನನ್ನು ಕೆಡಿಸಿತು. ಇವಳಿಗೆ ಮೊದಲೇ ಗೊತ್ತಿತ್ತೇ? ನನ್ನ ಬಾಯಿಂದಲೇ ಅಪ್ಪಣೆ ಪಡೆದು ನನ್ನನ್ನೇ ಹಿಡಿಯಲು ಈ ಸ್ಕ್ಯಾನ್ ಮಾಡಿದಳೇ? ನನ್ನ ಕುರ್ಚಿ ಬೇಕೇ ಇವಳಿಗೆ? ಅಂದಿನಿಂದ ಆಕೆ ಉದಗೀರಕ್ಕೆ ಬಂದಾಗ ಸಾಹುಕಾರರ ಜೊತೆ ಎರಡು ಮಾತಾಡಿದರೂ ನಾನು ಬಾಗಿಲ ಬಳಿ ಸುಳಿಯುತ್ತಿದ್ದೆ. ಆಕೆಯ ಫೋನ್ ಬಂದರೆ ಬೇಕೆಂದೇ ಎತ್ತುತ್ತಿರಲಿಲ್ಲ.

ಸಾಹುಕಾರರಿಗೆ ಹೇಳಿದೆ: “ಒಳಗ ನೋಡೋದು ನಮ್ಮಂಥ ಮಿಲ್ಲಿಗಿ ಬ್ಯಾಡ್ರಿ. ಹೊರಗಿಂದ ನೋಡೋದು ಸಾಕು.” ಅದನ್ನೇ ಕೊಂಡೆವು. ವರದಿ ಪೂರ್ತಿ ಹಸಿರಾಗಿ ಬಂತು. ಕೊಳ್ಳುವ ಕಂಪನಿಯೂ ಒಪ್ಪಿತು. ಮಾಯವ್ವ ತಂದ ಕಾಗದ ನನ್ನ ಡ್ರಾವರಿನ ತಳಕ್ಕೆ ಹೋಯಿತು. ಪ್ರೋಗ್ರಾಂ ತೆಗೆದೆನೇ? ಇಲ್ಲ. ನಾಳೆ ತೆಗೆದರಾಯಿತು ಎಂದು…

ತೊಗರಿಯ ಸುಗ್ಗಿಯಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಉದಗೀರದಲ್ಲೂ ಉಮರ್ಗಾದಲ್ಲೂ ಒಂದು ಫೈಲೂ ತೆರೆಯಲಿಲ್ಲ. ಹಣಕ್ಕಾಗಿ ಯಾರೋ ಎಲ್ಲಕ್ಕೂ ಬೀಗ ಹಾಕಿ ಕೂತಿದ್ದರು. ಉಮರ್ಗಾದಲ್ಲಿ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ಹೆದ್ದಾರಿಯವರೆಗೆ ನಿಂತಿತು. ನಾನು ಮೊದಲು ಓಡಿದ್ದು ನನ್ನ ಕಂಪ್ಯೂಟರಿಗೆ. ನನ್ನದೇ ಪ್ರೋಗ್ರಾಮಿನ ಮೂಲಕ, ನಾನಿಲ್ಲದ ಹೊತ್ತಿನಲ್ಲಿ, ಯಾರೋ ಒಳಗೆ ಬಂದು ಹೋದ ಗುರುತು ಅದರಲ್ಲಿತ್ತು. ಕಣ್ಣಾರೆ ನೋಡಿದೆ. ನೋಡಿ, ಎಲ್ಲವನ್ನೂ ಅಳಿಸಿದೆ. ಕೇಳಿದವರಿಗೆ, ವೈರಸ್ ಹರಡಬಾರದೆಂದು ಹಾಗೆ ಮಾಡಿದೆ ಎಂದೆ. ಒಬ್ಬರೂ ಅನುಮಾನಿಸಲಿಲ್ಲ.

ಉಳಿದವರೆಲ್ಲ ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದರು. ಸಾಹುಕಾರರು ಡ್ರೈವರನ ಮೊಬೈಲನ್ನೂ ತೆರೆಸಿ ನೋಡಿದರು. ಊಟದ ಡಬ್ಬಿ ಬಿಚ್ಚಿ ಜೊತೆಗೆ ಕೂಡುತ್ತಿದ್ದವರು ಬೇರೆ ಬೇರೆ ಮೂಲೆ ಹಿಡಿದರು. ಲಾತೂರಿನಿಂದ ಬಂದ ಪರಿಣತನೊಬ್ಬ ಹಳೆಯ ದಾಖಲೆ ತೆಗೆದ. ಕೆಲವು ವಾರಗಳ ಹಿಂದೆ ಉಮರ್ಗಾದ ಕಾಟಾದ ಕಂಪ್ಯೂಟರಿನಿಂದ ಉಳಿದ ಎಲ್ಲ ಕಂಪ್ಯೂಟರುಗಳನ್ನೂ ಒಂದೊಂದಾಗಿ ತಡಕಿದ ಗುರುತು ಸಿಕ್ಕಿತು.

“ಹೇ ಕೋಣೀ ಕೇಲಂ?” ಎಂದು ಮರಾಠಿಯಲ್ಲಿ ಕೇಳಿದ. ಇದನ್ನು ಯಾರು ಮಾಡಿದ್ದು?

ಕಚೇರಿಯಲ್ಲಿ ಆರೇಳು ಜನರಿದ್ದೆವು. ಉಮರ್ಗಾದಿಂದ ಬಂದಿದ್ದ ಮಾಯವ್ವ ಒಂದಿಷ್ಟೂ ಅಳುಕದೆ ಎದ್ದಳು. “ನಾ ಮಾಡೀನ್ರಿ. ಅದು ಟ್ರಯಲ್ ಸ್ಕ್ಯಾನ್ ಇತ್ತು. ಶೈಲಕ್ಕನೇ ಹೇಳಿದ್ರು.”

ಎಲ್ಲರೂ ನನ್ನ ಕಡೆ ತಿರುಗಿದರು. ಸಾಹುಕಾರರು ಕೇಳಿದರು: “ಹೌದೇನವ್ವ?”

“ನಾ ಹೇಳಿಲ್ರಿ.”

ಇಷ್ಟೇ. ಮಾಯವ್ವ ನನ್ನನ್ನೇ ನೋಡುತ್ತ ನಿಂತಳು. ಆ ಮೊದಲ ಸಾಲಿನ ಮಾತನ್ನು ಈಗ ಎತ್ತುತ್ತಾಳೆ, ಎತ್ತಿದರೆ ಅದನ್ನೂ ಅಲ್ಲಗಳೆಯಬೇಕು ಎಂದು ನಾನು ಸಿದ್ಧವಾಗಿಯೇ ಇದ್ದೆ. ಆಕೆ ಎತ್ತಲಿಲ್ಲ. ಕಾಟಾದ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದಳು. ಅದೇ ಸಂಜೆ ನಾನು ಡ್ರಾವರಿನ ಕಾಗದವನ್ನು ಚೂರು ಚೂರು ಮಾಡಿದೆ.

ಗುಂಜೋಟಿಯಲ್ಲಿ ಸುದ್ದಿ ಬೇರೆ ರೂಪದಲ್ಲಿ ಹಬ್ಬಿತಂತೆ — ಮಾಳಪ್ಪನ ಮಗಳು ಮಿಲ್ಲಿನ ಗುಟ್ಟು ಹೊರಗೆ ಮಾರಿದಳು ಎಂದು. ಆಕೆಗೆ ಗೊತ್ತಾಗಿದ್ದ ಒಂದು ಮದುವೆಯ ಸಂಬಂಧವೂ ಮುರಿಯಿತು. ಇದೆಲ್ಲ ನನ್ನ ಕಿವಿಗೆ ಬಿತ್ತು. ಸುಮ್ಮನಿದ್ದೆ.

ಈ ವರ್ಷ ಮತ್ತೆ ಸಾಫ್ಟ್‌ವೇರ್ ಬದಲಿಸುವ ಮಾತು ಬಂತು. ಸಾಹುಕಾರರು ಮತ್ತೆ ನನಗೇ ವಹಿಸಿದರು. ಪಟ್ಟಿ ಮುಂದಿಟ್ಟುಕೊಂಡು ಕೂತೆ. ಒಂದು ಹೆಸರಿನ ಮುಂದೂ ಗುರುತು ಹಾಕಲಾಗಲಿಲ್ಲ. ಮರುದಿನ ರಜೆ ಹಾಕಿ ಸಾಸ್ತೂರಕ್ಕೆ ಹೋದೆ. ಮಾಯವ್ವ ಅಲ್ಲಿ ಒಂದು ಮಳಿಗೆ ಹಿಡಿದು ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆಂದು ಕೇಳಿದ್ದೆ. ಮಳಿಗೆಯ ಬಾಗಿಲಲ್ಲಿ ನಿಂತೆ. ಆಕೆಯೇ ಕುರ್ಚಿ ಎಳೆದು ಕೂಡಿಸಿದಳು.

“ಅವತ್ತು ಯಾಕ ಸುಮ್ಮನಾದಿ?” ಎಂದು ಕೊನೆಗೆ ಕೇಳಿದೆ. ತಪ್ಪು ಮಾಡಿದವಳು ಕೇಳಬಾರದ ಪ್ರಶ್ನೆ ಅದು.

“ನಿಮ್ಮ ಮನ್ಯಾಗ ಅತ್ತಿ ಮಲಗಿದ್ರು. ಎಲ್ಲಾರ ಮುಂದ ಬ್ಯಾಡ, ಆಮ್ಯಾಲ ನೀವೇ ಸಾವಕಾರ್ರಿಗಿ ಹೇಳ್ತೀರಿ ಅಂದ್ಕೊಂಡಿದ್ದೆ,” ಎಂದಳು. “ಒಂದು ವರ್ಷ ಕಾದೀನಕ್ಕಾ. ಫೋನ್ ಬಂದ್ರ ನಿಮ್ಮದೇ ಇರ್ಬೇಕು ಅಂತಿದ್ದೆ. ಆಮ್ಯಾಲ ಬಿಟ್ಟೆ.”

ಆಕೆಯ ಕರುಣೆಯನ್ನು ನಾನು ಸಂಚೆಂದು ತಿಳಿದಿದ್ದೆ.

ಮರುದಿನ ಉದಗೀರದ ಅದೇ ಕಚೇರಿಯಲ್ಲಿ, ಎಲ್ಲರನ್ನೂ ಕೂಡಿಸಿ, ನಡೆದದ್ದನ್ನು ಹೇಳಿದೆ. ಸಾಹುಕಾರರು ನನ್ನ ಕಡೆ ನೋಡದೆಯೇ ಮಾತಾಡಿದರು. “ಆಕಿ ಎದ್ದು ನಿಂತು ಖರೇ ಹೇಳಿದ್ಳು. ನಾ ನಿನ್ನ ಮಾರಿ ನೋಡಿ ನಂಬಿದ್ನವ್ವ,” ಎಂದರು. ಆಮೇಲೆ ಮಾಯವ್ವನಿಗೆ ತಾವೇ ಫೋನ್ ಮಾಡಿ, ಮರಳಿ ಬಾ ಎಂದರು. ಆಕೆ ಒಲ್ಲೆ ಎಂದಳು. ಅಂದೇ ನಾನು ರಾಜೀನಾಮೆ ಬರೆದುಕೊಟ್ಟೆ. ಬೇಡ ಎಂದು ಯಾರೂ ಅನ್ನಲಿಲ್ಲ.

ಆದರೆ ಸುಳ್ಳು ಮಿಲ್ಲಿನೊಳಗೇ ಉಳಿದಿರಲಿಲ್ಲ. ನಾಳೆ ಗುಂಜೋಟಿಗೆ ಹೋಗುತ್ತೇನೆ. ಮಾಳಪ್ಪನವರು ಕುರಿ ಹೊಡೆದುಕೊಂಡು ಹೊರಡುವ ಮೊದಲೇ ಮುಟ್ಟಬೇಕು. ಅವರ ಮನೆಯ ಮುಂದೆ ನಿಂತು, ಓಣಿಯವರು ಕೇಳುವ ಹಾಗೆ ಹೇಳಬೇಕು. ಬೈಯುತ್ತಾರೆ, ಬೈಯಲಿ. ಒಳಗೆ ಬಾ ಎಂದು ಕರೆದರೆ ಮಾತ್ರ ಏನು ಮಾಡಬೇಕೋ ನನಗೆ ತಿಳಿಯದು.