ಔಷಧಿ ತೋಟದ ಮೇಷ್ಟ್ರು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಕೊಪ್ಪದ ಕಾಲೇಜಿನಲ್ಲಿ ಕ್ಯಾಂಟೀನು ನಡೆಸುವಾಗ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ದಿನವೂ ನನಗೆ ಪಾಠ ಮಾಡುತ್ತಿದ್ದರು. ಸಿಕ್ಕ ಎಲೆಯನ್ನು ಅಂಗೈಯಲ್ಲಿ ಉಜ್ಜಿ, ಎದುರಿದ್ದವರ ಮೂಗಿಗೆ ಹಿಡಿದು, "ಮಣ್ಣಿಗೂ ಒಳ್ಳೇದು, ಮೈಗೂ ಒಳ್ಳೇದು" ಎನ್ನುವರು. ಹೀಗೇ ಪ್ರಿನ್ಸಿಪಾಲರಿಗೆ ಏಳು ಸೀನು ಬರಿಸಿದ್ದರು.

ಕಾಲೇಜಿನ ಹಿಂದೆ ಅವರ ಔಷಧಿ ತೋಟವಿತ್ತು. ಹುಡುಗರ ಕೈಗೆ ಬೈಕು ಬರತೊಡಗಿದ ಕಾಲ. ಅಲ್ಲಿ ಸಿಮೆಂಟು ಹಾಕಿ ಬೈಕು ನಿಲ್ಲಿಸಬೇಕೆಂದು ಪ್ರಿನ್ಸಿಪಾಲರ ಹಟ. ಯೂನಿವರ್ಸಿಟಿಯ ಕಮಿಟಿ ಮೆಚ್ಚಿದರೆ ಮಾತ್ರ ತೋಟ ಉಳಿಯುತ್ತದೆ ಎಂದರು.

ಕಮಿಟಿ ಬರುವ ದಿನ ಬೆಳಿಗ್ಗೆ ಮೇಷ್ಟ್ರು ಹುಡುಗರಿಗೆ ಕಳೆ ಕೀಳಲು ಹೇಳಿದರು. ಅವರೆಲ್ಲ ಅಡಿಕೆ ಬೆಳೆಯುವ ಮನೆಯವರು. ಮನೆಯಲ್ಲಿ ಕಳೆಯೆಂದು ಕಿತ್ತೆಸೆಯುವ ಒಂದೆಲಗ, ನೆಲನೆಲ್ಲಿಗಳೇ ಇಲ್ಲಿ ಬೋರ್ಡು ಹಾಕಿಸಿಕೊಂಡಿದ್ದವು. ಗಂಟೆಯೊಳಗೆ ಬೋರ್ಡು ಮಾತ್ರ ಉಳಿಯಿತು.

"ಎಂತ ಮಾಡಿದ್ರೋ ಮಾರಾಯ್ರಾ!" ಮೇಷ್ಟ್ರು ಕುಸಿದು ಕುಳಿತರು.

"ನೀವೇ ಕ್ಲೀನ್ ಮಾಡಿ ಅಂದ್ರಲ್ಲ ಸಾರ್."

ನಾನು ರಾಶಿಯಿಂದ ಒಂದೆಲಗವನ್ನೆಲ್ಲ ಆರಿಸಿ ತೊಳೆದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿಬಿಟ್ಟೆ.

ಕಮಿಟಿಯ ಮೂವರು ಬರೀ ಮಣ್ಣು ನೋಡಿ, "ಗಿಡ ಎಲ್ಲಿ ಮೇಷ್ಟ್ರೇ?" ಎಂದರು.

"ಮೊದಲು ಊಟ ಮಾಡಿ ಸಾರ್, ಆಮೇಲೆ ತೋರಿಸ್ತೆ."

ಮೂವರೂ ಮೂರು ಮೂರು ಸಲ ತಂಬುಳಿ ಹಾಕಿಸಿಕೊಂಡರು. ಆಗ ಮೇಷ್ಟ್ರು ಅವರಲ್ಲಿ ಹಿರಿಯರ ಹೊಟ್ಟೆಯ ಕಡೆ ಭಕ್ತಿಯಿಂದ ಕೈ ತೋರಿಸಿ, "ತೋಟ ಈಗ ಅಲ್ಲಿದೆ ಸಾರ್" ಎಂದರು.

ಹಿರಿಯರು ತೇಗಿ, ಪ್ರಿನ್ಸಿಪಾಲರತ್ತ ತಿರುಗಿ ಹೇಳಿದರು: "ಬೇಗ ಮತ್ತೆ ನೆಡ್ಸಿ. ಮುಂದಿನ ವರ್ಷ ಊಟದ ಹೊತ್ತಿಗೇ ಬರ್ತೇವೆ."