ಎದುರುಚಿತ್ರದ ಸಾಬರು

ಮೊನ್ನೆ ಸಂಜೆ ಕರೆಂಟು ಹೋದಾಗ ಅಟ್ಟದಿಂದ ಹಳೇ ಲಾಟೀನು ಇಳಿಸಿ ಹಚ್ಚಿದೆ. ಬತ್ತಿ ಹೆಚ್ಚಾಗಿ ಗಾಜಿನ ತುಂಬಾ ಮಸಿ ಹಿಡಿಯಿತು. ಆ ಸೀಮೆಎಣ್ಣೆ ಹೊಗೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಲೈಡ್ ಸಾಬರು ನೆನಪಾದರು. ಅವರ ಪಡಸಾಲೆಯಲ್ಲಿ ದಿನವೂ ಇದೇ ವಾಸನೆ ಇರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಅವ್ವನ ಜೊತೆ ಬಾಡಿಗೆಗಿದ್ದೆ. ಸಾಬರು ಟಾಕೀಸಿಗೆ ಜಾಹೀರಾತಿನ ಸ್ಲೈಡು ಮಾಡಿಕೊಡುತ್ತಿದ್ದರು. ಅಂಗೈಯಗಲದ ಗಾಜನ್ನು ಬುಡ್ಡಿ ದೀಪದ ಹೊಗೆಗೆ ಹಿಡಿದು ಕಪ್ಪಾಗಿಸಿ, ಸೂಜಿಯಿಂದ ಗೀಚುತ್ತಿದ್ದರು. ಗೀಚಿದ ಕಡೆ ಮಾತ್ರ ಬೆಳಕು ತೂರಿ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಸೀರೆ ಅಂಗಡಿ, ಗೊಬ್ಬರದ ಅಂಗಡಿ, ಸೈಕಲ್ ಶಾಪು... ಇಂಟರ್‌ವೆಲ್ಲಿನಲ್ಲಿ ಕಾಣಿಸಿ ಮರೆಯಾಗುವ ಬರಹ. ಬರೆದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಅವ್ವನನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಆಗ ಒಂದೇ ಪ್ರಿಂಟನ್ನು ಮೊಳಕಾಲ್ಮೂರಿನಲ್ಲೂ ನಮ್ಮಲ್ಲೂ ಓಡಿಸುತ್ತಿದ್ದರು. ಅಲ್ಲಿ ಮುಗಿದ ರೀಲಿನ ಡಬ್ಬ ಬಸ್ಸಿನಲ್ಲಿ ಇಲ್ಲಿಗೆ ಬರಬೇಕು. ಅವತ್ತು ಬಸ್ಸು ಬಿ.ಜಿ. ಕೆರೆ ಹತ್ತಿರ ಕೆಟ್ಟು ನಿಂತಿತ್ತು. ಅರ್ಧ ಸಿನಿಮಾ ಆಗಿ ಪರದೆ ಖಾಲಿಯಾಯಿತು. ಶಿಳ್ಳೆ, ಬೈಗುಳ. ಯಾರೋ ಕುರ್ಚಿ ಮುರಿದ ಸದ್ದು. ನಾವು ಹೆಂಗಸರೆಲ್ಲ ಎದ್ದು ಬಾಗಿಲ ಕಡೆ ಸರಿಯುತ್ತಿದ್ದೆವು.

ಆಗ ಪರದೆ ಪೂರ್ತಿ ಕಪ್ಪಾಯಿತು. ಆ ಕಪ್ಪಿನಲ್ಲಿ ಒಂದು ಬಿಳೀ ಗೆರೆ ನಿಧಾನವಾಗಿ ಎಡದಿಂದ ಬಲಕ್ಕೆ ಹೊರಟಿತು. ಗೆರೆ ಬೆಟ್ಟವಾಯಿತು. ಬೆಟ್ಟದ ಕೆಳಗೆ ಒಂದು ಕುರಿ, ಇನ್ನೊಂದು, ಆಮೇಲೆ ಹಿಂಡು, ಮುಂದೆ ಕಂಬಳಿ ಹೊದ್ದ ಕುರುಬ. ಎಲ್ಲಕ್ಕೂ ಹಿಂದೆ ಒಂದು ಪುಟ್ಟ ಮರಿ. ಗದ್ದಲ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಕೂಗಿದ:

"ಲೇ, ಮರಿ ಹಿಂದೆ ಉಳೀತು ನೋಡ್ರಲೇ! ಅದನ್ನ ಎತ್ಕೊಳ್ಳೋ ಮಾರಾಯ!"

ಗೆರೆ ಒಂದು ಕ್ಷಣ ನಿಂತಿತು. ಆಮೇಲೆ ಹಿಂಡಿನ ಹಿಂದೆ ಒಬ್ಬ ಹೆಂಗಸು ಮೂಡಿದಳು. ಬಗ್ಗಿದಳು. ಗಾಜು ಬದಲಾಯಿತು; ಈಗ ಅವಳ ಸೆರಗಿನೊಳಗಿಂದ ಮರಿಯ ಎರಡು ಕಿವಿ ಇಣುಕಿದವು. ಇಡೀ ಟಾಕೀಸು ಚಪ್ಪಾಳೆ ಹೊಡೆಯಿತು. ನಮ್ಮವ್ವ ಕಣ್ಣೊರೆಸಿಕೊಂಡಳು. ರೀಲು ಬರುವವರೆಗೂ ಸಾಬರು ಪ್ರೊಜೆಕ್ಟರ್ ಕೋಣೆಯಲ್ಲಿ ಕೂತು ಗಾಜು ಬದಲಿಸುತ್ತಾ, ಜನ ಕೂಗಿದ್ದನ್ನೆಲ್ಲ ಬರೆಯುತ್ತಾ ಹೋದರು. ಪ್ರೊಜೆಕ್ಟರಿನಲ್ಲಿ ಸ್ಲೈಡು ತಲೆಕೆಳಗಾಗಿ ಇರಬೇಕಂತೆ. ಅಂದರೆ ಅಷ್ಟನ್ನೂ ಅವರು ತಲೆಕೆಳಗಾಗಿಯೇ ಬರೆದಿದ್ದರು. ಅದೂ ಬಿಸಿಯೇರಿದ ಗಾಜಿನ ಮೇಲೆ.

ಮರುದಿನ ಬೆಳಿಗ್ಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

"ಮೇಡಮ್ನೋರೆ, ಮೂವತ್ತು ವರ್ಷ ಗಾಜು ಗೀಚೀನಿ. ನಿನ್ನೆ ಮಾಡಿದ್ದು ಬೇರೆ ಏನೋ ಐತೆ. ಜಿಲ್ಲಾ ಉತ್ಸವದಾಗೆ ಅದನ್ನ ಮಾಡ್ಬೇಕು. ಅರ್ಜಿ ಬರ್ದು ಕೊಡ್ರಿ."

ಅರ್ಜಿಯಲ್ಲಿ ಕಲಾಪ್ರಕಾರ ಎಂಬ ಕಡೆ ಸಂಗೀತ, ನೃತ್ಯ, ನಾಟಕ, ಜಾನಪದ, ಚಿತ್ರಕಲೆ ಎಂದಿತ್ತು. ಹೆಚ್ಚು ಯೋಚಿಸದೆ ಚಿತ್ರಕಲೆಗೆ ಗುರುತು ಹಾಕಿದೆ. ಅದೇ ನಾನು ಮಾಡಿದ ತಪ್ಪು.

ಉತ್ಸವದಲ್ಲಿ ಅವರನ್ನು ವೇದಿಕೆಗೆ ಕರೆಯಲಿಲ್ಲ. ಒಂದು ಕೋಣೆಯಲ್ಲಿ ಇತರ ಸ್ಪರ್ಧಿಗಳ ಜೊತೆ ಮೇಜಿನ ಮುಂದೆ ಕೂರಿಸಿದರು. ಪ್ರೊಜೆಕ್ಟರೂ ಇಲ್ಲ, ನೋಡುವವರೂ ಇಲ್ಲ. ಅವರು ಗೀಚಿದರು, ಒರೆಸಿದರು, ಮತ್ತೆ ಮಸಿ ಹಿಡಿಸಿ ಗೀಚಿದರು. ಎರಡು ಗಂಟೆಯ ನಂತರ ತೀರ್ಪುಗಾರರು "ಎಲ್ರೀ ನಿಮ್ಮ ಚಿತ್ರ?" ಎಂದಾಗ ಅವರ ಕೈಯಲ್ಲಿದ್ದದ್ದು ಒರೆಸಿದ ಗಾಜು. ಪಕ್ಕದವರೆಲ್ಲ ನಕ್ಕರು. ನಾನು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದೆ.

ವಾಪಸು ಬಸ್ಸು ಅರ್ಧ ದಾರಿ ಬಂದಿತ್ತು. ಕೊನೆಗೆ ನಾನೇ "ತಪ್ಪಾಯ್ತು ಸಾಬರೇ" ಎಂದೆ.

"ನಿಮ್ದಲ್ಲ. ಅದೇನು ಅಂತ ನನಗೇ ಹೇಳೋಕೆ ಬರ್ಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಚಿತ್ರ ಅಂದ್ರೆ ಮುಗಿದಿದ್ದು ಮೇಡಮ್ನೋರೆ. ನಂದು ಆಗ್ತಾ ಇರೋದು. ನೋಡೋರು ಎದುರಿಗೆ ಇದ್ರೆ ಮಾತ್ರ ಆಗ್ತೈತೆ. ಅವ್ರು ಎದ್ದು ಹೋದ್ರೆ ಅದೂ ಹೋಗ್ತೈತೆ" ಎಂದರು.

ನಾನು ಚೀಲದಿಂದ ಪುಸ್ತಕ ತೆಗೆದು ಆ ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಮೇಲೆ ಒಂದು ಹೆಸರು ಬರೆದೆ: ಎದುರುಚಿತ್ರ. ಓದಿ ಹೇಳಿದಾಗ ಅವರು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು. "ಅಚ್ಛಾ ಐತೆ," ಎಂದು ನಕ್ಕರು.

ಆಮೇಲೆ ಒಂದು ವರ್ಷ, ರಜೆ ಸಿಕ್ಕಾಗಲೆಲ್ಲ ನಾವು ಊರೂರು ತಿರುಗಿದೆವು. ಟಾಕೀಸಿನವರು ಮೂಲೆಗೆ ಹಾಕಿದ್ದ ಸ್ಲೈಡ್ ಪ್ರೊಜೆಕ್ಟರನ್ನು ಕೇಳಿ ತಂದು ಅವರೇ ರಿಪೇರಿ ಮಾಡಿದ್ದರು. ಅದನ್ನು ಹಾಸಿಗೆಯಲ್ಲಿ ಸುತ್ತಿ ಬಸ್ಸಿನ ಸೀಟಿನ ಮೇಲಿಟ್ಟು, ತಾವು ನಿಂತು ಬರುತ್ತಿದ್ದರು. ಶಾಲೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಗೋಡೆಗೆ ಬಿಳೀ ಪಂಚೆ ಬಿಗಿದು, ಹಾಡುಹಗಲಲ್ಲೇ ಪ್ರದರ್ಶನ. ಮೊದಲು ನಾನು ಎದ್ದು ನಿಂತು, ಇದು ಸಿನಿಮಾ ಅಲ್ಲ, ಡ್ರಾಯಿಂಗ್ ಕ್ಲಾಸೂ ಅಲ್ಲ, ನೀವು ಬಾಯಿ ಬಿಟ್ಟರೇ ಇದು ನಡೆಯುವುದು ಎಂದು ಹೇಳುತ್ತಿದ್ದೆ. ಕೊಂಡ್ಲಹಳ್ಳಿಯಲ್ಲಿ ಜನ ನಾಚಿಕೊಂಡು ಬಹಳ ಹೊತ್ತು ಬಾಯಿ ಬಿಡಲಿಲ್ಲ. ಸಾಬರೂ ಸೂಜಿ ಎತ್ತದೆ ಕಾದರು! ದೇವಸಮುದ್ರದಲ್ಲಿ ತೆಲುಗು ಮನೆಮಾತಿನ ಒಬ್ಬ ಅಜ್ಜಿ ಮುಗಿದ ಮೇಲೂ ಏಳದೆ, "ಇಂಕೊಕಟಿ ಗೀಯಿ ನಾಯನಾ," ಇನ್ನೊಂದು ಬರಿಯಪ್ಪಾ, ಎಂದು ಕೂತೇ ಇದ್ದಳು. ಅವಳೊಬ್ಬಳಿಗಾಗಿ ಸಾಬರು ಇನ್ನೊಂದು ಗಾಜಿಗೆ ಮಸಿ ಹಿಡಿಸಿದರು. ಅದರಲ್ಲಿ ಏನು ಬರೆದರೋ... ಈಗ ನೆನಪಿಲ್ಲ. ಅಜ್ಜಿಯ ಮುಖ ಮಾತ್ರ ಇದೆ.

ಮುಂದಿನ ವರ್ಷದ ಅರ್ಜಿಯಲ್ಲಿ ನಾನೇ ಒಂದು ಗೆರೆ ಎಳೆದು ಎದುರುಚಿತ್ರ ಎಂದು ಸೇರಿಸಿದೆ. "ಇಂಥ ಕಲೆ ಪಟ್ಟಿಯಲ್ಲೇ ಇಲ್ಲವಲ್ಲ ಮೇಡಂ" ಎಂದರು ಕಚೇರಿಯ ಅಧಿಕಾರಿ. ವಾದ ಮಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬರು ಕೈ ಮುಗಿದು, "ಸಾರ್, ಬರೋ ಶನಿವಾರ ಬಿ.ಜಿ. ಕೆರೆಗೆ ಬರ್ರಿ. ನೋಡಿ ಆಮೇಲೆ ಇಲ್ಲ ಅನ್ರಿ" ಎಂದರು.

ಅಧಿಕಾರಿ ಬಂದರು. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಅವತ್ತು ಪಂಚೆಯ ಮೇಲೆ ಒಂದು ಬಾವಿ ಮೂಡಿತು, ಬಾವಿಯ ಕಟ್ಟೆಯ ಮೇಲೆ ಕೊಡ ಹಿಡಿದ ಹುಡುಗಿ. ಒಳಗೆ ನೀರು ಎಲ್ಲೋ ಆಳದಲ್ಲಿ ಒಂದೇ ಒಂದು ಚುಕ್ಕೆ. ಗಾಜು ಬದಲಾದಂತೆ ಹುಡುಗಿ ಬಗ್ಗಿದಳು, ಇನ್ನೂ ಬಗ್ಗಿದಳು. ಹಿಂದಿನಿಂದ ಗಟ್ಟಿ ದನಿ ಬಂತು: "ಹಗ್ಗ ಕೊಡ್ರೀ ಆ ಹುಡುಗಿಗೆ!"

ಎಲ್ಲರೂ ತಿರುಗಿದರು. ಅಧಿಕಾರಿ ಎದ್ದು ನಿಂತಿದ್ದರು. ಸಾಬರು ಹಗ್ಗ ಬರೆದರು.

ಆ ಸಲದ ಉತ್ಸವದ ಕರೆಯೋಲೆಯಲ್ಲಿ, ಕೊನೆಯ ಸಾಲಿನಲ್ಲಿ, "ಎದುರುಚಿತ್ರ, ಹದಿನೈದು ನಿಮಿಷ" ಎಂದು ಅಚ್ಚಾಗಿತ್ತು. ಸಾಬರು ಆ ಸಾಲಿನ ಮೇಲೆ ಬೆರಳಿಟ್ಟು ಬೀದಿಯವರಿಗೆಲ್ಲ ತೋರಿಸಿದರು. ವೇದಿಕೆಯ ಮೇಲೆ ಅವರು ನಿಂತ ಆ ಹದಿನೈದು ನಿಮಿಷ ನಾನು ಜನರ ಮುಖಗಳನ್ನೇ ನೋಡುತ್ತಿದ್ದೆ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಎರಡು ಸಾವಿರದ ಆಚೆ ನನಗೆ ವರ್ಗವಾಯಿತು. ಹೊರಡುವ ದಿನ ಸಾಬರು, "ನನ್ನ ಕಣ್ಣು ಮಂಜಾಗ್ತಾ ಐತೆ. ನೀವಾದ್ರೂ ಕಲೀರಿ. ಹೆಸರು ಇಟ್ಟೋರು ನೀವೇ ಅಲ್ವಾ?" ಎಂದರು. ಬೇಸಿಗೆ ರಜೆಗೆ ಬರ್ತೀನಿ ಎಂದೆ. ಮೊದಲ ಬೇಸಿಗೆಗೆ ಅವ್ವನಿಗೆ ಹುಷಾರಿರಲಿಲ್ಲ. ಎರಡನೆಯದಕ್ಕೆ ಪರೀಕ್ಷೆಯ ಮೌಲ್ಯಮಾಪನ. ಮೂರನೆಯದಕ್ಕೆ ಕಾರಣ ಏನಿತ್ತೋ... ಅಂಥದ್ದೇನೂ ಇರಲಿಲ್ಲ. ಅವರು ತೀರಿಕೊಂಡ ಸುದ್ದಿ ಹಳೇ ಸಹೋದ್ಯೋಗಿಯೊಬ್ಬರಿಂದ ತಿಳಿದಾಗ ಮೂರು ತಿಂಗಳಾಗಿತ್ತು.

ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ಹಾಡುವವರ ಹಿಂದೆ ಕಂಪ್ಯೂಟರಿನಿಂದ ಅಲ್ಲೇ, ಆಗಲೇ ಚಿತ್ರ ಮೂಡಿಸುವವರನ್ನು ನೋಡುತ್ತೇನೆ. ಅದನ್ನು ಕಲೆ ಎಂದು ಯಾರೂ ಅರ್ಜಿ ಬರೆದು ಬೇಡಬೇಕಿಲ್ಲ. ಸಂತೋಷವೇ. ಆದರೆ ಗಾಜಿನ ಮೇಲೆ ಹಾಗೆ ಬರೆಯಬಲ್ಲ ಕೈ ಇವತ್ತು ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಒಂದೂ ಇಲ್ಲ. ಒಂದು ಕೈ ಇರಬಹುದಿತ್ತು. ಅದು ನನ್ನದೇ.